ಪ್ರೊಶುಟ್ಟೊ ಇಲ್ಲ ಅಂತ ಸುಮ್ನೆ ಬೇಕನ್ ಹಾಕಬೇಡಿ

ಬೆಂಗಳೂರಿನ ಗೆಳೆಯರು ಇಟಲಿ ಅಡುಗೆಗೆ ಕೈ ಹಾಕಿದಾಗಲೆಲ್ಲ ನನಗೆ ಬರುವ ಪ್ರಶ್ನೆ ಒಂದೇ. ರೆಸಿಪಿಯಲ್ಲಿ ಪ್ರೊಶುಟ್ಟೊ (ಉಪ್ಪು ಹಾಕಿ ಒಣಗಿಸಿದ ಇಟಲಿಯ ಹಂದಿ ಹ್ಯಾಮ್) ಅಂತ ಇದೆ, ಇಲ್ಲಿ ಸುಲಭವಾಗಿ ಸಿಗಲ್ಲ, ಸಿಕ್ಕರೂ ಬೆಲೆ ಕೇಳೋ ಹಾಗಿಲ್ಲ, ಬದಲಿಗೆ ಏನು ಹಾಕಲಿ? ನೆಟ್‌ನಲ್ಲಿ ಹುಡುಕಿದರೆ ಬೇಕನ್ ಹಾಕಿ ಅನ್ನುವ ಉತ್ತರವೇ ಜಾಸ್ತಿ. ನನಗೆ ಅದು ಒಪ್ಪಿಗೆಯಿಲ್ಲ. ನಾನು ಕೊಡಗಿನವನು, ಈಗ ಇರುವುದು ಇಟಲಿಯ ಬೊಲೊನ್ಯಾದಲ್ಲಿ. ಎರಡೂ ಹಂದಿಮಾಂಸದ ಬೆಲೆ ಗೊತ್ತಿರುವ ಊರುಗಳು.

ಪಾರ್ಮಾದ ಪ್ರೊಶುಟ್ಟೊದಲ್ಲಿ ಇರುವುದು ಹಂದಿಯ ಹಿಂಗಾಲು ಮತ್ತು ಸಮುದ್ರದ ಉಪ್ಪು, ಅಷ್ಟೇ. ಹೊಗೆ ಹಾಕುವುದಿಲ್ಲ, ಬೇಯಿಸುವುದಿಲ್ಲ, ಮಾಂಸ ಕೆಡದಂತೆ ಹಾಕುವ ನೈಟ್ರೈಟ್ ಕೂಡ ಇಲ್ಲ. ಪಾರ್ಮಾ ಬಳಿಯ ಲಂಗಿರಾನೊ ಊರಿನ ಸುತ್ತಲಿನ ಬೆಟ್ಟದ ತಪ್ಪಲಲ್ಲಿ ಗಾಳಿಯಾಡುವ ಕೋಣೆಗಳಲ್ಲಿ ತೂಗುಹಾಕಿ ಒಂದು ವರ್ಷಕ್ಕೂ ಜಾಸ್ತಿ ಕಾಯುತ್ತಾರೆ. ಅಷ್ಟರಲ್ಲಿ ಮಾಂಸದ ಪ್ರೋಟೀನ್ ನಿಧಾನವಾಗಿ ಒಡೆದು ಗ್ಲುಟಮೇಟ್ ಬಿಡುತ್ತದೆ. ನಾಲಿಗೆ ಮೇಲೆ ತುಂಬಾ ಹೊತ್ತು ಉಳಿಯುವ ರುಚಿ ಅದು. ಹದ ಬಂತೋ ಇಲ್ಲವೋ ಅಂತ ತಿಳಿಯಲು ಕುದುರೆ ಮೂಳೆಯ ಸೂಜಿ ಚುಚ್ಚಿ, ಹೊರಗೆಳೆದು ಮೂಸಿ ನೋಡುತ್ತಾರೆ. ನಮ್ಮಲ್ಲಿ ಕೋಲ್ಡ್ ಸ್ಟೋರೇಜ್ ಅಂಗಡಿಯಲ್ಲಿ ಸಿಗುವ ಬೇಕನ್ ಹೊಗೆ ಹಾಕಿದ್ದು, ಹೊಟ್ಟೆ ಭಾಗದ್ದು, ಅದಕ್ಕೆ ಈ ಕಾಯುವಿಕೆಯೇ ಇಲ್ಲ. ಬಾಣಲೆಗೆ ಬಿದ್ದ ತಕ್ಷಣ ಹೊಗೆಯ ವಾಸನೆ ಉಳಿದದ್ದೆಲ್ಲವನ್ನೂ ನುಂಗಿಬಿಡುತ್ತದೆ.

ಕೊಡಗಿನಲ್ಲೂ ಹಂದಿಮಾಂಸ ಒಣಗಿಸುತ್ತೇವೆ, ಆದರೆ ಒಲೆಯ ಮೇಲೆ ತೂಗುಹಾಕಿ, ಹೊಗೆಯಲ್ಲಿ. ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆಯಲ್ಲಿ ಬರೀ ಗಾಳಿಗೆ ಬಿಟ್ಟರೆ ಮಾಂಸ ಕೊಳೆಯುತ್ತದೆ ಅಲ್ವಾ. ಹಾಗಾಗಿ ನಮ್ಮ ಒಣಮಾಂಸಕ್ಕೆ ಇಟಲಿಯಲ್ಲಿ ನೆಂಟ ಯಾರಾದರೂ ಇದ್ದರೆ ಅದು ಪಾರ್ಮಾದ ಹ್ಯಾಮ್ ಅಲ್ಲ, ಉತ್ತರದ ಆಲ್ಟೊ ಅಡಿಜೆಯಲ್ಲಿ ಸ್ವಲ್ಪ ಹೊಗೆ, ಜಾಸ್ತಿ ಗಾಳಿ ಕೊಟ್ಟು ಮಾಡುವ ಸ್ಪೆಕ್. ಊರಿನಿಂದ ಒಣಮಾಂಸ ತರಿಸಿಕೊಳ್ಳುವವರು ಅದನ್ನು ಇಟಲಿಯ ಕಾಳಿನ ಸೂಪಿಗೆ ಧೈರ್ಯವಾಗಿ ಹಾಕಬಹುದು. ಚೆನ್ನಾಗಿ ಹೊಂದುತ್ತದೆ.

ಇಲ್ಲಿ ಇಟಲಿಯವರು ಬದಲಿಯ ವಿಷಯದಲ್ಲಿ ತುಂಬಾ ಗಟ್ಟಿ. ಬೊಲೊನ್ಯಾದಲ್ಲಿ ತೊರ್ತೆಲ್ಲಿನಿಯ (ಹೂರಣ ತುಂಬಿದ ಪುಟ್ಟ ಪಾಸ್ತಾ) ಹೂರಣಕ್ಕೆ ಏನೇನು ಹಾಕಬೇಕು ಅಂತ 1974ರಲ್ಲಿ ವಾಣಿಜ್ಯ ಮಂಡಳಿಯಲ್ಲಿ ದಾಖಲೆ ಮಾಡಿ ಇಟ್ಟಿದ್ದಾರೆ, ಅದರಲ್ಲಿ ಪ್ರೊಶುಟ್ಟೊ ಇದೆ. ನಮ್ಮ ಕಡೆಯವರಿಗೆ ಇದು ಅತಿ ಅನಿಸುತ್ತದೆ. ನಾವು ಇದ್ದುದರಲ್ಲಿ ಹೊಂದಿಸಿಕೊಂಡು ಅಡುಗೆ ಮಾಡುವ ಜನ, ಅದು ದೊಡ್ಡ ಗುಣವೇ. ಆದರೆ ನಮ್ಮ ಕೊಡಗಿನ ಪಂದಿಕರಿಗೆ, ಅಂದರೆ ಹಂದಿ ಸಾರಿಗೆ, ಹುಳಿಗಾಗಿ ಹಾಕುವ ಕಾಚಂಪುಳಿ ಬದಲು ಇಟಲಿಯ ಬಾಲ್ಸಾಮಿಕ್ ವಿನೆಗರ್ ಹಾಕಿ, ಎರಡೂ ಕಪ್ಪು, ಎರಡೂ ಕುದಿಸಿ ಬತ್ತಿಸಿದ್ದು ಅಂತ ಇಲ್ಲಿ ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನಾ? ಬಾಲ್ಸಾಮಿಕ್ ಸಿಹಿ, ಕಾಚಂಪುಳಿ ಹಲ್ಲು ಜುಂ ಅನ್ನಿಸುವ ಹುಳಿ. ಅವರ ಹಟ ನನಗೆ ಅರ್ಥವಾಗಿದ್ದು ಹೀಗೆ.

ಹಾಗಂತ ಪೂರ್ತಿ ಅವರ ಕಡೆಯೂ ನಾನಿಲ್ಲ. ಹಸಿಯಾಗಿ ತಿನ್ನುವ ಕಡೆ, ಅಂದರೆ ಕರ್ಬೂಜದ ಜೊತೆ, ಅಂಜೂರದ ಜೊತೆ, ಬದಲಿ ಹುಡುಕಬೇಡಿ. ಸ್ಪೇನಿನ ಹಾಮೋನ್ ಸೆರ್ರಾನೊ ಸಿಕ್ಕರೆ ಸರಿ, ಇಲ್ಲದಿದ್ದರೆ ಆ ತಿನಿಸನ್ನೇ ಬಿಟ್ಟುಬಿಡಿ. ಒಲೆ ಮೇಲೆ ಬೇಯುವ ಅಡುಗೆಯಾದರೆ ಬೇರೆ ಮಾತು. ಅಲ್ಲಿ ಆ ಹ್ಯಾಮ್ ಯಾವ ಕೆಲಸ ಮಾಡುತ್ತಿದೆ ಅಂತ ನೋಡಿ: ಉಪ್ಪಿಗೋ, ಕೊಬ್ಬಿಗೋ, ಆ ಆಳದ ರುಚಿಗೋ. ಇಲ್ಲಿನ ಮನೆಗಳಲ್ಲೂ ಸೂಪಿಗೆ, ಹೂರಣಕ್ಕೆ ದುಬಾರಿ ತೆಳು ಹೋಳು ಹಾಕುವುದಿಲ್ಲ. ಕಾಲಿನ ತುದಿಯಲ್ಲಿ ಉಳಿಯುವ ಗಟ್ಟಿ ತುಂಡನ್ನು ಗಂಬುಚ್ಚೊ ಅಂತ ಕಡಿಮೆ ಬೆಲೆಗೆ ಮಾರುತ್ತಾರೆ, ಅದೇ ಸಾಕು.

ಬೆಂಗಳೂರಿನಲ್ಲಿ ಬೇಕನ್ ಬಿಟ್ಟು ಬೇರೆ ಏನೂ ಇಲ್ಲ ಅಂದರೆ, ಮೊದಲು ಅದನ್ನು ಒಂದೆರಡು ನಿಮಿಷ ನೀರಲ್ಲಿ ಕುದಿಸಿ ನೀರು ಚೆಲ್ಲಿ. ಹೊಗೆಯೂ ಉಪ್ಪೂ ಇಳಿಯುತ್ತವೆ. ಇದಕ್ಕಿಂತ ನನಗೆ ಹಿಡಿಸುವುದು ಬೇರೆ ದಾರಿ. ಪದರ ಪದರ ಕೊಬ್ಬಿರುವ ಹೊಟ್ಟೆ ಭಾಗದ ಮಾಂಸ ಒಂದು ಕಿಲೋ ತನ್ನಿ, 30 ಗ್ರಾಂ ಉಪ್ಪು, ಕುಟ್ಟಿದ ಕಾಳುಮೆಣಸು ಸವರಿ ಮುಚ್ಚಿ ಫ್ರಿಜ್‌ನಲ್ಲಿ ಒಂದು ವಾರ ಇಡಿ, ದಿನಕ್ಕೊಮ್ಮೆ ಮಗುಚಿ. ಇದು ಪಾನ್ಚೆಟ್ಟಾದ ದಾರಿ, ಅಂದರೆ ಹೊಟ್ಟೆ ಭಾಗಕ್ಕೆ ಉಪ್ಪು ಹಾಕಿ ಹದ ಮಾಡುವ ಇಟಲಿಯ ಕ್ರಮ. ಪ್ರೊಶುಟ್ಟೊ ಆಗಲ್ಲ, ಆದರೆ ಪಾಸ್ತಾಗೆ, ಸಾಸಿಗೆ ಬೇಕನ್‌ಗಿಂತ ಎಷ್ಟೋ ವಾಸಿ. ಹಸಿಯಾಗಿ ಮಾತ್ರ ಖಂಡಿತ ತಿನ್ನಬೇಡಿ, ಚೆನ್ನಾಗಿ ಬೇಯಲೇಬೇಕು. ಸ್ಯಾಂಡ್‌ವಿಚ್‌ಗೆ ಮಾರುವ ಹ್ಯಾಮ್ ಬೇಡವೇ ಬೇಡ, ಬಾಣಲೆಗೆ ಹಾಕಿದರೆ ನೀರು ಬಿಡುತ್ತದೆ. ಇನ್ನೊಂದು ಮಾತು. ನಿಜವಾದ ಪ್ರೊಶುಟ್ಟೊ ಸಿಕ್ಕಿ ಸಾಸಿಗೆ ಹಾಕುವುದಾದರೆ ಕೊನೆಯಲ್ಲಿ ಹಾಕಿ. ಬಿಸಿ ತಾಗಿದಷ್ಟೂ ಅದು ಗಟ್ಟಿಯಾಗುತ್ತದೆ, ಉಪ್ಪೂ ಏರುತ್ತದೆ.

ಹಂದಿ ತಿನ್ನದವರಿಗೆ ಇಟಲಿಯಲ್ಲೇ ಬ್ರೆಸಾವೊಲಾ ಇದೆ, ದನದ ಮಾಂಸ ಒಣಗಿಸಿ ಮಾಡಿದ್ದು. ಅದಕ್ಕೆ ಬ್ರೆಜಿಲ್‌ನ ಡುಬ್ಬದ ದನಗಳ ಮಾಂಸವನ್ನೂ ತರಿಸುತ್ತಾರೆ. ಅಲ್ಲಿನ ನೆಲೋರೆ ತಳಿಗೆ ಹೆಸರು ಬಂದಿದ್ದು ನಮ್ಮ ಪಕ್ಕದ ನೆಲ್ಲೂರಿನಿಂದ!

ಸಸ್ಯಾಹಾರಿ ಗೆಳೆಯರಿಗೆ ನಾನು ಹೇಳುವುದು, ಸೋಯಾದಲ್ಲಿ ಹ್ಯಾಮ್‌ನ ನಕಲು ಮಾಡಬೇಡಿ. ದಕ್ಷಿಣ ಇಟಲಿಯ ಬಡವರ ಮನೆಗಳಲ್ಲಿ ಮಾಂಸ ಮೊದಲೇ ಅಪರೂಪ, ಚೀಸ್ ಕೂಡ ದುಬಾರಿ. ಒಣ ಬ್ರೆಡ್ಡಿನ ಪುಡಿಯನ್ನು ಎಣ್ಣೆಯಲ್ಲಿ ಹುರಿದು ಪಾಸ್ತಾ ಮೇಲೆ ಉದುರಿಸುತ್ತಿದ್ದರು. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಒಣಗಿಸಿದ ಟೊಮೆಟೊ ಜೊತೆ ಅದು ಎಷ್ಟು ಚೆನ್ನಾಗಿರುತ್ತೆ ಅಂದರೆ ಹ್ಯಾಮ್ ನೆನಪಿಗೇ ಬರಲ್ಲ. ರುಚಿಗೆ ಪಾರ್ಮಿಜಾನೊ ಚೀಸ್ ತುರಿ ಹಾಕಿ ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ, ಅದರ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ನಮ್ಮ ದೇಶದಲ್ಲೇ ಮಾಡಿದ, ಹಸಿರು ಚುಕ್ಕೆ ಇರುವ ಗಟ್ಟಿ ಚೀಸ್ ನೋಡಿ ಕೊಳ್ಳಿ.