ಅವಿರೋಧ ವಿರೋಧ ಪಕ್ಷ

ವಿರೋಧ ಪಕ್ಷದವರನ್ನು ಹಿಡಿದು ಜೈಲಿಗೆ ಹಾಕಿದ ಸರ್ವಾಧಿಕಾರಿಗಳ ಕಥೆ ಬೇಕಾದಷ್ಟಿದೆ. ವಿರೋಧ ಪಕ್ಷಕ್ಕೆ ಜನ ಸಾಲದೆ ತಲೆಬಿಸಿಯಾದ ಸರ್ವಾಧಿಕಾರ ನೋಡಬೇಕಾದರೆ ಬ್ರೆಜಿಲ್‌ಗೇ ಹೋಗಬೇಕು.

1964ರಲ್ಲಿ ಅಲ್ಲಿ ಸೇನೆ ಗದ್ದುಗೆ ಹಿಡಿಯಿತು. ಮರುವರ್ಷ ಗವರ್ನರ್ ಚುನಾವಣೆಯಲ್ಲಿ ಎರಡು ಮುಖ್ಯ ರಾಜ್ಯಗಳು ಕೈತಪ್ಪಿದ್ದೇ ತಡ, ಇದ್ದ 13 ಪಕ್ಷಗಳಿಗೂ ಬೀಗ ಜಡಿದರು. ಹೊಸ ಪಕ್ಷ ಕಟ್ಟಲು 120 ಸಂಸದರು, 20 ಸೆನೆಟರುಗಳು ಬೇಕೆಂದು ಕಟ್ಟಳೆ ಬಂತು. ಬಹುಪಾಲು ಜನ ಸರ್ಕಾರಿ ಪಕ್ಷ ‘ಅರೆನಾ’ಕ್ಕೆ ಓಡಿದರು. ಉಳಿದವರ ವಿರೋಧ ಪಕ್ಷ ‘ಎಂಡಿಬಿ’ಗೆ 20 ಸೆನೆಟರುಗಳನ್ನು ಹೊಂದಿಸುವಷ್ಟರಲ್ಲಿ ಸಾಕುಬೇಕಾಯಿತು. ಒಂದು ‘ಹೂಂ’ ಪಕ್ಷ, ಇನ್ನೊಂದು ‘ಹೂಂ ಸ್ವಾಮಿ’ ಪಕ್ಷ ಎಂದು ಜನ ಆಡಿಕೊಂಡರು.

ನಮ್ಮ ತುಮಕೂರು ಕಡೆ ಇಷ್ಟೆಲ್ಲ ತಾಪತ್ರಯವಿಲ್ಲ. ಗುಬ್ಬಿ ಕಡೆಯ ಹಳ್ಳಿಯೊಂದರ ಡೈರಿ ಚುನಾವಣೆ ಹೇಗೆ ನಡೆಯುತ್ತದೆಂದು ಹಿರಿಯ ಸದಸ್ಯರೊಬ್ಬರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುರಿಯುತ್ತಾ ವಿವರಿಸಿದರು. “ಯಾರ್ ಬೇಕಾದ್ರೂ ನಾಮಪತ್ರ ಹಾಕ್ಬೋದು ಸಾರ್, ಬ್ಯಾಡ ಅನ್ನಕ್ಕೆ ನಾವ್ಯಾರು? ಮಾರ್ನೆ ದಿನ ಅವ್ನ್ ಹಾಲಿಗೆ ಡಿಗ್ರಿ ಬರಲ್ಲ, ಅಷ್ಟೆಯ.” ನಿನ್ನೆಯ ತನಕ ಗಟ್ಟಿ ಹಾಲು ಕರೆಯುತ್ತಿದ್ದ ಹಸು, ಯಜಮಾನ ನಾಮಪತ್ರಕ್ಕೆ ಸಹಿ ಹಾಕಿದ ರಾತ್ರಿಯೇ ನೀರು ಕರೆಯತೊಡಗುತ್ತದೆ. ಬೆಳಗ್ಗೆ ಹಾಲು ವಾಪಸ್, ಸಂಜೆಗೆ ನಾಮಪತ್ರ ವಾಪಸ್. ಗೆದ್ದವರಿಗೆ ಹಾರ, ಊರಿಗೆಲ್ಲ ಬೂಂದಿ. ಪತ್ರಿಕೆಯಲ್ಲಿ ‘ಅವಿರೋಧ ಆಯ್ಕೆ’.

ಬ್ರೆಜಿಲ್ ಜನರಲ್‌ಗಳಿಗೆ ಈ ಲ್ಯಾಕ್ಟೋಮೀಟರ್ ವಿದ್ಯೆ ಗೊತ್ತಿರಲಿಲ್ಲ, ಪಾಪ. ಎಂಡಿಬಿಯ ಸಂಸದರೊಬ್ಬರು 1968ರಲ್ಲಿ ಸದನದಲ್ಲಿ ನಿಂತು, ಸೇನೆಯ ಹುಡುಗರ ಜತೆ ಕುಣಿಯುವ ಹುಡುಗಿಯರು ಇನ್ನು ಕುಣಿಯಬೇಡಿ ಎಂದುಬಿಟ್ಟರು. ಟ್ಯಾಂಕು, ಫಿರಂಗಿ ಎಲ್ಲ ಇದ್ದ ಸೇನೆಗೆ ಇದು ತಡೆಯಲಾಗಲಿಲ್ಲ. ಅವರ ಮೇಲೆ ಕೇಸು ಹಾಕಲು ಸಂಸತ್ತು ಒಪ್ಪದಿದ್ದಾಗ, ಡಿಸೆಂಬರ್ 13ರಂದು ಸಂಸತ್ತಿನ ಬಾಗಿಲನ್ನೇ ಮುಚ್ಚಿದರು. ಆಮೇಲೆ ಪಕ್ಷ ಎಷ್ಟು ಸೊರಗಿತೆಂದರೆ, ನಾವೇ ವಿಸರ್ಜನೆ ಮಾಡಿಕೊಳ್ಳೋಣವೇ ಎಂದು ಒಳಗೊಳಗೇ ಚರ್ಚೆ ನಡೆಯಿತು.

ಜನರ ಬದಲು ಚುನಾಯಕ ಮಂಡಳಿ ಮತ ಹಾಕುತ್ತಿದ್ದ, ಸೋಲು ಖಾತ್ರಿಯಿದ್ದ ಅಧ್ಯಕ್ಷ ಚುನಾವಣೆಗೆ ಎಂಡಿಬಿಯ ಯೂಲಿಸೆಸ್ ಗಿಮರಾಯಿಸ್ ‘ನಾನು ಅಭ್ಯರ್ಥಿಯಲ್ಲ, ಪ್ರತಿ-ಅಭ್ಯರ್ಥಿ’ ಎಂದು ಊರೂರು ಸುತ್ತಿದರು. 1974ರ ಜನವರಿಯಲ್ಲಿ ಎದುರಾಳಿಯ 400 ಮತಗಳೆದುರು 76 ಮತ ಪಡೆದು ಸೋತರು. ಅದೇ ನವೆಂಬರಿನಲ್ಲಿ ಮತದಾರರು ಎಡವಟ್ಟು ಮಾಡಿದರು: ಸೆನೆಟಿನ 22 ಸ್ಥಾನಗಳಲ್ಲಿ 16 ಎಂಡಿಬಿ ಪಾಲಾದವು. ಶೋಕೇಸಿಗೆಂದು ಇಟ್ಟದ್ದು ಗೆದ್ದುಬಿಟ್ಟರೆ ಯಾರಿಗೆ ತಾನೆ ಹೊಟ್ಟೆ ಉರಿಯುವುದಿಲ್ಲ? 1976ರಲ್ಲಿ ಹೊಸ ಕಾನೂನು ತಂದರು. ಟಿವಿಯಲ್ಲಿ ಅಭ್ಯರ್ಥಿ ಬಾಯಿ ಬಿಡುವಂತಿಲ್ಲ. ಫೋಟೊ, ಹೆಸರು, ನಂಬರು, ಚುಟುಕು ಪರಿಚಯ, ಇಷ್ಟೇ. ಟೌನ್‌ಹಾಲ್ ಸರ್ಕಲ್ಲಿನ ಫ್ಲೆಕ್ಸ್ ನೋಡಿ ನೋಡಿ ಬೆಳೆದ ನನಗಂತೂ ಇದು ಪ್ರಚಾರವೋ ಕೈಲಾಸ ಸಮಾರಾಧನೆಯೋ ಎಂಬ ಅನುಮಾನ. ಮುಂದಿನ ವರ್ಷ ಸೆನೆಟಿನ ಮೂರನೇ ಒಂದು ಭಾಗಕ್ಕೆ ಜನರ ಮತವೇ ಬೇಡವೆಂದಾಯಿತು; ಹಾಗೆ ಬಂದವರನ್ನು ಜನ ‘ಬಯಾನಿಕ್ ಸೆನೆಟರ್’, ಅಂದರೆ ಯಂತ್ರದಲ್ಲಿ ತಯಾರಾದವರು, ಎಂದರು. 1979ರಲ್ಲಿ ಎರಡೂ ಪಕ್ಷಗಳನ್ನು ರದ್ದು ಮಾಡಿ, ಇನ್ನು ಹೆಸರಿನ ಮೊದಲಿಗೆ ‘ಪಕ್ಷ’ ಎಂದಿರಲೇಬೇಕು ಎಂದರು. ಎಂಡಿಬಿಯವರು ಮುಂದೊಂದು ‘ಪಿ’ ಅಂಟಿಸಿಕೊಂಡು ಮಾರನೆಯ ಕೆಲಸ ನೋಡಿಕೊಂಡರು.

1985ರ ಜನವರಿಯಲ್ಲಿ ಪಿಎಂಡಿಬಿಯ ಟಾಂಕ್ರೆಡೊ ನೆವೆಸ್ 180ಕ್ಕೆ 480 ಮತಗಳಿಂದ ಅಧ್ಯಕ್ಷರಾಗಿ ಆರಿಸಿ ಬಂದರು. ಪ್ರಮಾಣವಚನದ ಹಿಂದಿನ ದಿನ ಕಾಯಿಲೆ ಬಿದ್ದು, ಏಪ್ರಿಲ್ 21ರಂದು ತೀರಿಕೊಂಡರು. ಕುರ್ಚಿ ಉಪಾಧ್ಯಕ್ಷ ಜೋಸೆ ಸಾರ್ನೆಯವರಿಗೆ ಹೋಯಿತು. ಅವರೂ ಪಿಎಂಡಿಬಿಯವರೇ, ಸಂಶಯವಿಲ್ಲ. ಹಿಂದಿನ ವರ್ಷದ ಜೂನ್‌ವರೆಗೆ ಮಾತ್ರ ಸೇನೆಯ ಕಡೆಯ ಪಕ್ಷಕ್ಕೆ ಅಧ್ಯಕ್ಷರಾಗಿದ್ದರು. ಇಷ್ಟೆಲ್ಲ ಆಗಿದ್ದು ಒಂದೇ ಒಂದು ರೆಸಾರ್ಟ್ ಬುಕ್ ಮಾಡದೆ. ನಮ್ಮ ಶಾಸಕರು ನೋಡಿ ಕಲಿಯಲಿ.