ಇಲಿಗಳ ಕಾಟಕ್ಕೆ ಕೊನೆಯೇ ಇಲ್ಲವೇ?

ಬೆಳಗಾಗೆದ್ದು ಕೊಟ್ಟಿಗೆ ಗುಡಿಸಿ, ಕೋಳಿಗೂಡಿನ ಬಾಗಿಲು ತೆರೆದು, ಬಾವಿಯಿಂದ ನೀರು ಸೇದಿ ತುಂಬುವಷ್ಟರಲ್ಲಿಯೇ ಮೈ ಸೋತಿರುತ್ತದೆ. ಅದರ ಮೇಲೆ ಈ ಇಲಿಗಳ ಕಾಟ ಬೇರೆ. ನಿನ್ನೆ ಸಂಜೆಯಷ್ಟೇ ದಬ್ಬಣದಿಂದ ಹೊಲಿದು ಭದ್ರಪಡಿಸಿದ್ದ ಕಾಳಿನ ಚೀಲದ ಮೂಲೆಯಲ್ಲಿ ಇಂದು ಬೆಳಿಗ್ಗೆ ಮತ್ತೆ ತೂತು. ಕೆಳಗೆ ಹೊಟ್ಟು, ಗೋಣಿನಾರಿನ ಚೂರು, ನಡುನಡುವೆ ಕಪ್ಪು ಹಿಕ್ಕೆ. ತಿಂದುದಕ್ಕಿಂತ ಕೆಡಿಸಿದ್ದೇ ಹೆಚ್ಚು ಎಂಬುದು ನನಗೆ ತಡೆಯಲಾಗದ ಸಂಕಟ, ಏಕೆಂದರೆ ಇಲಿಯ ಮೂತ್ರ ತಾಗಿದ ಕಾಳನ್ನು ಕೋಳಿಗಳಿಗೂ ಹಾಕುವಂತಿಲ್ಲ.

ಬಾಚಿಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುವುದರಿಂದ ಇಲಿ ಮರ, ಪ್ಲಾಸ್ಟಿಕ್ ಎನ್ನದೆ ಕಡಿಯುತ್ತದೆ. ಸುಮಾರು 3 ವಾರ ಗರ್ಭ ಧರಿಸಿ ಹಿಂಡು ಮರಿ ಹಾಕುವ ಪ್ರಾಣಿಯೊಂದಿಗೆ ನನ್ನ ಒಂದು ಬೋನು ಹೇಗೆ ತಾನೇ ಸೆಣಸೀತು? ವಿಷವಿಡಿ ಎಂದು ಸಲಹೆ ಕೊಡುವವರು ಬಹಳ, ಆದರೆ ವಿಷ ತಿಂದ ಇಲಿಯನ್ನು ನಮ್ಮ ಬೆಕ್ಕೋ ಮರದ ಮೇಲಿನ ಗೂಬೆಯೋ ತಿಂದರೆ ಅವೂ ಸಾಯಬಹುದಲ್ಲ. ಇಲಿ ಹಿಡಿಯುವ ಜೀವಗಳನ್ನೇ ಕೊಲ್ಲುವ ಉಪಾಯ ನನಗೆ ಬೇಡ. ಹಾಗಾಗಿ ಕಾಳನ್ನೆಲ್ಲ ತಗಡಿನ ಡಬ್ಬಗಳಿಗೆ ಸುರಿದು, ಕೋಳಿಗೂಡಿನ ಸುತ್ತ ಸಣ್ಣ ಕಣ್ಣಿನ ಜಾಲರಿ ಬಿಗಿಯುವುದರಲ್ಲೇ ಬಿಡುವಿನ ಮಧ್ಯಾಹ್ನಗಳು ಕಳೆದುಹೋಗುತ್ತಿವೆ. ಇಷ್ಟಾದರೂ ರಾತ್ರಿ ಅಟ್ಟದ ಮೇಲೆ ಕರಕರ ಸದ್ದು ಕೇಳಿದೊಡನೆ ನಿದ್ದೆ ಹಾರಿ, ಯಾವ ಸಂದು ಮುಚ್ಚದೆ ಉಳಿಯಿತೋ ಎಂದು ಟಾರ್ಚ್ ಹಿಡಿದು ಹುಡುಕುತ್ತೇನೆ.