ಇಪ್ಪತ್ತೊಂಬತ್ತರ ಚಕ್ರವೂ ದೊಡ್ಡಪ್ಪನ ಟೇಪೂ

ತುಲಾ ಸಂಕ್ರಮಣ ಕಳೆದು ಮಳೆ ತುಸು ಹದಕ್ಕೆ ಬಂದ ಮೇಲೆ, ಇಪ್ಪತ್ತಾರು ಇಂಚಿನ ನನ್ನ ಹಳೆಯ ಮೌಂಟನ್ ಬೈಕನ್ನು ತಂಗಿಯ ಮಗನಿಗೆ ದಾಟಿಸಿ, 29 ಇಂಚಿನ ಚಕ್ರದ ಹೊಸದೊಂದನ್ನು ಮಡಿಕೇರಿಯ ಮನೆಗೆ ತಂದೆ. ದೊಡ್ಡ ಚಕ್ರದ ಮೊದಲ ಅನುಭವ ನನಗಾದದ್ದು ಅದನ್ನು ಏರಿದಾಗಲ್ಲ, ಕಾರಿಗೆ ಏರಿಸಲು ಹೋದಾಗ. ಹಳೆಯದಾಗಿದ್ದರೆ ಮುಂಗಾಲಿ ಕಳಚಿದ ಕೂಡಲೇ ಡಿಕ್ಕಿಯಲ್ಲಿ ತೆಪ್ಪಗೆ ಮಲಗುತ್ತಿತ್ತು. ಇದು ಎರಡೂ ಗಾಲಿ ಕಳಚಿದರೂ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಮುಂಗಾಲಿಯನ್ನು ನನ್ನ ಹೆಂಡತಿ ಮದುವೆ ಮನೆಯ ಪರಾತವನ್ನು ಹಿಂತಿರುಗಿಸಲು ಹೊರಟವಳಂತೆ ತೊಡೆಯ ಮೇಲಿಟ್ಟುಕೊಂಡು ನಾಪೋಕ್ಲುವರೆಗೂ ಒಂದು ಮಾತೂ ಆಡದೆ ಕುಳಿತಳು. ಆ ಮೌನದ ತೂಕ ಗಾಲಿಗಿಂತ ಹೆಚ್ಚಿತ್ತು.

ನಾಪೋಕ್ಲಿನ ಹತ್ತಿರ ದೊಡ್ಡಪ್ಪನ ಕಾಫಿ ತೋಟವಿದೆ. ಗೇಟಿನಿಂದ ಕಣದವರೆಗಿನ ಏರು ಮಣ್ಣುದಾರಿಯಲ್ಲಿ ಪೆಡಲ್ ಮೆಟ್ಟಿದರೆ ಸೈಕಲ್ಲು ಬೆಳಗಿನ ಚಳಿಯಲ್ಲಿ ಏಳಲೊಲ್ಲದ ಎತ್ತಿನಂತೆ ಯೋಚಿಸುತ್ತ ನಿಂತಿತು. ದೊಡ್ಡ ಗಾಲಿಯ ತೂಕ ಅಂಚಿನಲ್ಲಿ ಹೆಚ್ಚಿರುವುದರಿಂದ ಅದನ್ನು ಮೊದಲು ಉರುಳಿಸುವುದಕ್ಕೇ ತ್ರಾಣ ಬೇಕು. ಆದರೆ ಒಮ್ಮೆ ಉರುಳಿತೆಂದರೆ ಅದರ ಗತ್ತೇ ಬೇರೆ. ಸಿಲ್ವರ್ ಓಕ್ ಮರದ ಬೇರೊಂದು ದಾರಿಗೆ ಅಡ್ಡ ಮಲಗಿದೆ. ಹಳೆಯ ಸೈಕಲ್ಲು ಅದಕ್ಕೆ ಹಣೆ ಚಚ್ಚಿ ನಿಂತು ನನ್ನನ್ನು ಹ್ಯಾಂಡಲಿನ ಮೇಲಕ್ಕೆ ದೂಡುತ್ತಿತ್ತು. ಗಾಲಿ ದೊಡ್ಡದಾದಷ್ಟೂ ಎದುರಾದ ಬೇರನ್ನು ತನ್ನ ಬುಡದ ಹತ್ತಿರವೇ ಮುಟ್ಟಿ, ಗೋಡೆ ಹತ್ತುವ ಬದಲು ಇಳಿಜಾರು ಹತ್ತಿದ ಹಾಗೆ ಹತ್ತಿ ದಾಟುತ್ತದೆ. ಆ ದಿನ ಬೇರು ಕಾಲಡಿಯ ಚಾಪೆಯಂತೆ ಸರಿದು ಹೋಯಿತು. ನಾನು ಹಿಂತಿರುಗಿ, ಅಗತ್ಯವಿಲ್ಲದಿದ್ದರೂ, ಇನ್ನೆರಡು ಸಲ ಅದನ್ನೇ ದಾಟಿದೆ. ಕಣದಲ್ಲಿ ನಿಂತಿದ್ದ, ತೋಟದ ಲೆಕ್ಕ ಬರೆಯುವ ರೈಟರು ಇದನ್ನು ನೋಡಿದರೆಂಬುದು ನನ್ನ ಉತ್ಸಾಹವನ್ನು ಹೆಚ್ಚಿಸಿತೇ ಹೊರತು ಕಡಿಮೆ ಮಾಡಲಿಲ್ಲ.

ಕಣದಿಂದ ಗದ್ದೆಗೆ ಇಳಿಯುವ ದಾರಿಯಲ್ಲಿ ಒಂದು ತಿರುವಿದೆ. ಜೀಪು ಕೂಡ ಅಲ್ಲಿ ಒಮ್ಮೆ ಹಿಂದಕ್ಕೆ ಬಂದೇ ತಿರುಗಬೇಕು. ಪಾಚಿ ಕಟ್ಟಿದ ಆ ಇಳಿಜಾರಿನಲ್ಲಿ ಎರಡು ಗಾಲಿಗಳ ನಡುವಿನ ಅಂತರ ಹೆಚ್ಚಿರುವ ಈ ಸೈಕಲ್ಲು ತಿರುಗಲು ಎಷ್ಟು ಜಾಗ ಕೇಳುತ್ತದೆಂಬುದು ನನಗೆ ಹೊಳೆದದ್ದು ತಿರುವಿನ ಮಧ್ಯದಲ್ಲಿ. ಹ್ಯಾಂಡಲ್ ಪೂರ್ತಿ ಹೊರಳಿಸಿದೆ. ನನ್ನಂಥ ಕುಳ್ಳನಿಗೆ ಹೊಂದುವ ಸಣ್ಣ ಫ್ರೇಮಿನಲ್ಲಿ ಮುಂಗಾಲಿಗೂ ಪೆಡಲಿಗೂ ನಡುವೆ ಇರುವ ಜಾಗ ಅಷ್ಟಕ್ಕಷ್ಟೇ; ಬೂಟಿನ ತುದಿ ಟೈರಿಗೆ ಸಿಕ್ಕಿತು. ಸೈಕಲ್ಲು ನಿಂತಿತು, ನಾನು ನಿಲ್ಲಲಿಲ್ಲ. ರೊಬಸ್ಟಾ ಕಾಫಿ ಗಿಡಗಳ ನಡುವೆ ಮಳೆನೀರು ಇಂಗಲೆಂದು ತೋಡಿದ ಗುಂಡಿಗೆ ನಮ್ಮಲ್ಲಿ ತೊಟ್ಟಿಲು ಗುಂಡಿ ಎನ್ನುತ್ತಾರೆ. ನಲವತ್ತಾರನೆಯ ವಯಸ್ಸಿನಲ್ಲಿ ನಾನು ಮತ್ತೆ ತೊಟ್ಟಿಲಲ್ಲಿ ಮಲಗಿ ಆಕಾಶ ನೋಡುತ್ತಿದ್ದೆ. ಕಾಲ್ಚೀಲದ ಅಂಚಿನಲ್ಲಿ ಒಂದು ಜಿಗಣೆ ತಲೆಯೆತ್ತಿ ಬಾಗಿಲು ಹುಡುಕುತ್ತಿತ್ತು.

ಸದ್ದು ಕೇಳಿ ಬಂದ ದೊಡ್ಡಪ್ಪ ಮೊದಲು ನೋಡಿದ್ದು ಗಿಡವನ್ನು. ‘ಮೂರು ರೆಕ್ಕೆ ಹೋಯ್ತಲ್ಲ ಮಾರಾಯ, ಕಾಯಿ ಸಮೇತ’ ಎಂದರು; ರೆಕ್ಕೆಯೆಂದರೆ ಕಾಫಿ ಗಿಡದ ಅಡ್ಡಕೊಂಬೆ. ಆಮೇಲೆ ನನ್ನನ್ನು ಎತ್ತಿದರು.

ಮುಂಗಾಲಿಯ ಗಾಳಿ ಪೂರ್ತಿ ಹೋಗಿತ್ತು. ಪಂಪು ಹುಡುಕುತ್ತ ಗೋದಾಮಿಗೆ ಹೋದರೆ, ಗೋಣಿಚೀಲಗಳ ಹಿಂದೆ ಅವರ ಕಾಲೇಜು ದಿನಗಳ ಕರಿಯ ಸೈಕಲ್ಲು ಒರಗಿತ್ತು. ಎರಡನ್ನೂ ಜೋಡಿಯಾಗಿ ನಿಲ್ಲಿಸಿದ ದೊಡ್ಡಪ್ಪ, ಮರದ ದಿಮ್ಮಿ ಅಳೆಯುವ ಟೇಪನ್ನು ಜೇಬಿನಿಂದ ತೆಗೆದು, ‘ಯಾವುದು ದೊಡ್ಡದು?’ ಎಂದು ಕೇಳಿದರು. ಓದಿ ತಿಳಿದ ಜಂಬ ಸುಮ್ಮನಿರಲು ಬಿಡದೆ ನಾನು ವಿವರಿಸತೊಡಗಿದೆ. ನನ್ನ ಟೈರಿನ ಮೇಲೆ 57-622 ಎಂದಿದೆ. ಅಂದರೆ ಟೈರಿನ ಅಗಲ 57, ಅದು ಕೂರುವ ರಿಮ್ಮಿನ ವ್ಯಾಸ 622 ಮಿಲಿಮೀಟರ್. ಇಪ್ಪತ್ತಾರರದ್ದು 559 ಮಾತ್ರ. ಇನ್ನು ನಿಮ್ಮ 28 ಇಂಚಿನ, ಒಂದೂವರೆ ಇಂಚು ಟೈರಿನ ಹಳೆಯ ಸೈಕಲ್ಲಿನ ರಿಮ್ಮು... ಇಲ್ಲಿಗೆ ಬಂದಾಗ ಬಾಯಿ ತಡವರಿಸಿತು. ಅದು 635.

‘ಹಾಗಾದರೆ ನಂದೇ ದೊಡ್ಡದಲ್ಲವೋ?’

ರಿಮ್ಮು ದೊಡ್ಡದು ನಿಜ, ಆದರೆ ನನ್ನ ಟೈರು ದಪ್ಪವಾದ್ದರಿಂದ ಹೊರಗಿನ ಸುತ್ತು ನನ್ನದೇ ಹೆಚ್ಚು, ಅದರಿಂದಲೇ ಇಪ್ಪತ್ತೊಂಬತ್ತೆಂಬ ಹೆಸರು ಎಂದೆ. ಅವರು ಚಪ್ಪಟೆಯಾಗಿದ್ದ ಮುಂಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿದರು. ‘ಅಂದರೆ ನೀನು ದುಡ್ಡು ಕೊಟ್ಟ ಆ ಹೆಚ್ಚಿನ ಇಂಚು ಬರೀ ಗಾಳಿ. ಅದೂ ಈಗ ಇಲ್ಲ.’

ಅವರ ಪಂಪಿನ ಬಾಯಿ ನನ್ನ ಟ್ಯೂಬಿನ ಸಪೂರ ವಾಲ್ವಿಗೆ ಕೂರಲಿಲ್ಲ. ಸಂಜೆ ಮತ್ತೆ ಗಾಲಿ ಕಳಚಿ ಕಾರಿಗೆ ತುರುಕಿದೆವು. ಗಾಳಿ ಹೋದ ಮೇಲೆ ಅದು ಬರುವಾಗಿನಷ್ಟು ಹಟ ಮಾಡದೆ ಡಿಕ್ಕಿಯಲ್ಲೇ ಹಿಡಿಸಿತು. ತೊಡೆ ಖಾಲಿಯಾದ ನನ್ನ ಹೆಂಡತಿ ಮಡಿಕೇರಿಯವರೆಗೂ ಮಾತಾಡುತ್ತಲೇ ಇದ್ದಳು.